ಎಲೆಯಿಂದ ಬಂದ ಬೆಳ್ಳಿಗೂ ಪರೀಕ್ಷೆ ಬೇಕು

ಮಾನ್ಯ ಸಂಪಾದಕರೇ,

ನಮ್ಮ ಕೊಡಗಿನಲ್ಲಿ ಕಕ್ಕಡ ಎಂಬ ಮಳೆಗಾಲದ ತಿಂಗಳ 18ರಂದು, ಮದ್ದು ಸೊಪ್ಪೆಂಬ ಔಷಧಿ ಗಿಡದ ಎಲೆ ಕುದಿಸಿದ ನೀರು ಕಡುನೇರಳೆಗೆ ತಿರುಗುವುದನ್ನು ನೋಡುತ್ತ ಬೆಳೆದವಳು ನಾನು. ಮುಂದೆ ಕಾಲೇಜಿನ ಪ್ರಯೋಗಾಲಯದಲ್ಲಿ ಎಲೆಯ ಕಷಾಯವನ್ನು ಬೆಳ್ಳಿಯ ಲವಣವಾದ ಸಿಲ್ವರ್ ನೈಟ್ರೇಟಿನ ದ್ರಾವಣಕ್ಕೆ ಬೆರೆಸಿದಾಗ ಅದು ಮೆಲ್ಲನೆ ಹಳದಿಯಾಗಿ, ಕಂದಾದದ್ದೂ ನನ್ನಲ್ಲಿ ಅಷ್ಟೇ ಬೆರಗು ಹುಟ್ಟಿಸಿತ್ತು. ಎಲೆಯಲ್ಲಿರುವ ಫೀನಾಲ್, ಫ್ಲೇವನಾಯ್ಡ್‌ಗಳಂಥ ಸಂಯುಕ್ತಗಳು ದ್ರಾವಣದಲ್ಲಿರುವ ಬೆಳ್ಳಿಯ ಅಯಾನುಗಳಿಗೆ (ವಿದ್ಯುದಾವೇಶವುಳ್ಳ ಪರಮಾಣುಗಳಿಗೆ) ಎಲೆಕ್ಟ್ರಾನ್ ನೀಡಿ, ಅವನ್ನು 100 ನ್ಯಾನೊಮೀಟರ್‌ಗಿಂತ (ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ) ಚಿಕ್ಕ ಕಣಗಳಾಗಿಸುವುದಲ್ಲದೆ, ಆ ಕಣಗಳು ಒಂದಕ್ಕೊಂದು ಅಂಟದಂತೆ ಹೊದಿಕೆಯಾಗಿಯೂ ನಿಲ್ಲುತ್ತವೆ. ಬೆಳ್ಳಿಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣವಿರುವುದರಿಂದ ಗಾಯಕ್ಕೆ ಕಟ್ಟುವ ಪಟ್ಟಿಗಳಲ್ಲಿ ನ್ಯಾನೊ ಬೆಳ್ಳಿ ಈಗಾಗಲೇ ಬಳಕೆಯಲ್ಲಿದೆ.

ಆದರೆ ಈಚೆಗೆ ನಮ್ಮೂರ ಸಂತೆಯಲ್ಲಿ ‘ಗಿಡಮೂಲಿಕೆ ಬೆಳ್ಳಿ ನೀರು’ ಎಂಬ ಬಾಟಲಿಯನ್ನು ಕುಡಿಯಲೆಂದೇ ಮಾರುತ್ತಿದ್ದುದನ್ನು ಕಂಡು ಸಂಕಟವಾಯಿತು. ಬೆಳ್ಳಿಯನ್ನು ಬಹುಕಾಲ ಸೇವಿಸಿದವರ ಚರ್ಮ ನೀಲಿಬೂದು ಬಣ್ಣಕ್ಕೆ ತಿರುಗಬಹುದು. ಆರ್ಜಿರಿಯಾ ಎಂಬ ಈ ಸ್ಥಿತಿ ಸಾಮಾನ್ಯವಾಗಿ ಶಾಶ್ವತ. ಅಲ್ಲದೆ ಮಳೆ, ನೆರಳು, ಕೊಯ್ದ ಕಾಲಕ್ಕೆ ತಕ್ಕಂತೆ ಎಲೆಯ ಸತ್ವ ಬದಲಾದರೆ ಕಣಗಳ ಗಾತ್ರವೂ ಬದಲಾಗುತ್ತದೆ. ಆದ್ದರಿಂದ ಇಂಥ ಬಾಟಲಿಗಳನ್ನು ಆರೋಗ್ಯ ಇಲಾಖೆ ತಪಾಸಣೆ ಮಾಡಬೇಕು. ಜಿಲ್ಲೆಯ ವಿಜ್ಞಾನ ಕಾಲೇಜುಗಳು ಇಲ್ಲಿನ ಸೊಪ್ಪುಗಳ ಮೇಲೆ ಪ್ರಯೋಗ ನಡೆಸುವಾಗ ಎಲೆ ಕೊಯ್ದ ಜಾಗ, ತಿಂಗಳುಗಳನ್ನೂ ತಪ್ಪದೆ ದಾಖಲಿಸಬೇಕು.

– ಓದುಗರೊಬ್ಬರು, ವಿರಾಜಪೇಟೆ