ಭಾನುವಾರದ ಕ್ಲಾಸು ಮತ್ತೆ ಹಲ್ಲಿನ ಚೆಕಪ್ ಬಗ್ಗೆ

ಎಲ್ರಿಗೂ ನಮಸ್ಕಾರ, ಈ ಭಾನುವಾರ ಬೆಳಗ್ಗೆ ಹತ್ತಕ್ಕೆ ಕೋಲಾರದ ನಮ್ಮ ಸಮುದಾಯ ಭವನದಲ್ಲೇ ಮಕ್ಕಳ ಇಂಗ್ಲಿಷ್ ಕ್ಲಾಸ್, ಈ ಸಲ ಪಾಠ ಚಂದ್ರಯಾನ-3. ಸ್ಪೆಲ್ಲಿಂಗ್ ಉರು ಹೊಡೆಸೋದು ಇಲ್ಲ, ಲ್ಯಾಂಡರ್, ರೋವರ್, ಆರ್ಬಿಟ್ ಅಂತ ಪದ ಹಿಡ್ಕೊಂಡು ಅವರೇ ಎರಡೆರಡು ವಾಕ್ಯ ಹೇಳ್ಬೇಕು. 2023 ಆಗಸ್ಟ್ 23ಕ್ಕೆ ವಿಕ್ರಮ್ ಇಳಿದಿದ್ದು ಎಲ್ರಿಗೂ ಗೊತ್ತು, ಆದ್ರೆ ಪ್ರಗ್ಯಾನ್ ರೋವರ್ ತೂಕ ಬರೀ 26 ಕೆಜಿ, ಹೆಚ್ಚುಕಮ್ಮಿ ಒಂದು ಅಕ್ಕಿ ಮೂಟೆ, ಆರು ಚಕ್ರ, ಸೆಕೆಂಡಿಗೆ ಒಂದೇ ಸೆಂಟಿಮೀಟರ್ ನಡಿಗೆ ಅಂದ್ರೆ ಹುಡುಗ್ರು ಸುಮ್ನೆ ಕೂರ್ತಾರಾ, ಪ್ರಶ್ನೆ ಮೇಲೆ ಪ್ರಶ್ನೆ!

ಕ್ಲಾಸ್ ಆದ್ಮೇಲೆ ಡೆಂಟಿಸ್ಟ್ ಮೇಡಂ ಬರ್ತಾರೆ. ನಮ್ಮ ಕಡೆ ಎಷ್ಟೋ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನ ಚಿಕ್ಕ ವಯಸ್ಸಿಂದ ಕುಡಿದ್ರೆ ಹಲ್ಲಿಗೆ ಬಿಳಿ, ಕಂದು ಕಲೆ ಬರತ್ತೆ, ಎಷ್ಟು ಉಜ್ಜಿದ್ರೂ ಹೋಗಲ್ಲ. ನೀರು ಕಾಯಿಸಿದ್ರೆ ಸಾಕು ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ, ಕಾಯಿಸಿದ್ರೆ ಫ್ಲೋರೈಡ್ ಹೋಗಲ್ಲ ಕಣ್ರಪ್ಪಾ, ಶುದ್ಧ ನೀರಿನ ಘಟಕದ್ದೇ ಬಾಟ್ಲಿಗೆ ತುಂಬಿ ಕಳಿಸಿ.

ದುಡ್ಡು ಬೇಡ. ನೋಟ್‌ಬುಕ್, ಪೆನ್ಸಿಲ್, ಮಕ್ಕಳಿಗೆ ಕಡ್ಲೆಬೀಜದ ಚಿಕ್ಕಿ ಕೊಡೋರು ಶನಿವಾರದೊಳಗೆ ಇಲ್ಲೇ ಮೆಸೇಜ್ ಹಾಕಿ, ಎಲ್ರೂ ಒಂದೇ ಸಾಮಾನು ತರೋದು ತಪ್ಪತ್ತೆ. ಹರಿದ ಬಟ್ಟೆ ಮಾತ್ರ ತಂದು ಸುರೀಬೇಡಿ ಪ್ಲೀಸ್.