‘ಇಲ್ಲ’ ಎಂದು ಬರೆಯುವ ಮುನ್ನ

ಚಿ. ಮೇಧಾಳಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಸಂಶೋಧನೆಗೆಂದು ಸೇರಿದ ವಿಭಾಗದಲ್ಲಿ ನಿನ್ನ ಮುಂದೆ ಎರಡು ಅಧ್ಯಯನಗಳನ್ನಿಟ್ಟಿದ್ದಾರೆ, ಒಂದು ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳಿಗೆ ತಗಲುವ ಸೋಂಕುಗಳದ್ದು, ಇನ್ನೊಂದು ಸಕ್ಕರೆ ಕಾಯಿಲೆಯಿಂದ ಕೆಡುವ ಕಣ್ಣುಗಳದ್ದು, ಯಾವುದನ್ನು ಹಿಡಿಯಲಿ ಎಂದು ಕೇಳಿದ್ದೀಯ. ಮೂವತ್ತು ವರ್ಷ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾ ನೋಡುತ್ತಲೇ ಬಂದವಳಾದ್ದರಿಂದ ನಾನು ಕಣ್ಣಿನ ಕಡೆಗೇ ವಾಲುವೆನೆಂದು ನೀನು ಎಣಿಸಿರಬಹುದು. ಆಯ್ಕೆಯನ್ನು ನಿನಗೇ ಬಿಡುತ್ತೇನೆ. ಯಾವುದನ್ನು ಹಿಡಿದರೂ ನಿನಗೆ ಎದುರಾಗುವ ಕಷ್ಟವೊಂದಿದೆ, ಅದರ ಬಗ್ಗೆ ಮಾತ್ರ ಬರೆಯುತ್ತೇನೆ: ಈ ಎರಡು ಕಾಯಿಲೆಗಳೂ ಒಳಗೊಳಗೇ ಬೆಳೆಯುತ್ತವೆ, ಹೊರಗೆ ಸುಳಿವು ಕೊಡುವುದಿಲ್ಲ.

ರಕ್ತದ ಕ್ಯಾನ್ಸರಿಗೆ ಕೀಮೋಥೆರಪಿ ಪಡೆಯುತ್ತಿರುವ ಮಗುವನ್ನು ನೆನೆದುಕೋ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸೋಂಕಿನೊಡನೆ ಸೆಣಸುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳ ಸಂಖ್ಯೆ 500ಕ್ಕಿಂತ ಕೆಳಗಿಳಿದಾಗ, ಗಾಯದಲ್ಲಿ ಕೀವು ಕಟ್ಟಲು ಬೇಕಾದ ಕಣಗಳೇ ಆ ಮೈಯಲ್ಲಿ ಸಾಲುವುದಿಲ್ಲ. ಶ್ವಾಸಕೋಶಕ್ಕೆ ಸೋಂಕು ಇಳಿದಿದ್ದರೂ ಮೊದಲ ಎಕ್ಸ್‌ರೇ ಶುಭ್ರವಾಗಿ ಕಾಣಬಹುದು, ಮೂತ್ರದ ಸೋಂಕಿದ್ದರೂ ಮೂತ್ರದಲ್ಲಿ ಬಿಳಿ ರಕ್ತಕಣಗಳು ಸಿಗದಿರಬಹುದು. ಎಷ್ಟೋ ಸಲ ಜ್ವರವೊಂದೇ ನಮಗೆ ಸಿಗುವ ಗುರುತು. ಸ್ಟೀರಾಯ್ಡ್ ಕೊಡುತ್ತಿದ್ದರೆ ಅದು ಜ್ವರವನ್ನೂ ಅಡಗಿಸಬಹುದು, ಆಗ ಆ ಗುರುತನ್ನೂ ನೆಚ್ಚುವಂತಿಲ್ಲ. ಅದಕ್ಕೇ ಅಂಥ ಮಗು ಜ್ವರವೆಂದು ಬಂದರೆ ರೋಗಾಣುವನ್ನು ಬೆಳೆಸಿ ಗುರುತಿಸುವ ಕಲ್ಚರಿನ ವರದಿಗೆ ಕಾಯದೆ, ರಕ್ತದ ಮಾದರಿ ತೆಗೆದುಕೊಂಡು, ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಶುರು ಮಾಡಬೇಕೆಂಬುದು ವಾಡಿಕೆಯಾಗಿದೆ. ಕಣ್ಣಿನದೂ ಹೀಗೆಯೇ. ರೆಟಿನಾದ ಸೂಕ್ಷ್ಮ ರಕ್ತನಾಳಗಳು ಅಲ್ಲಲ್ಲಿ ಉಬ್ಬಿ, ಸೋರಿ, ಕಟ್ಟಿಕೊಂಡು, ಕೊನೆಗೆ ಹೊಸ ದುರ್ಬಲ ನಾಳಗಳು ಹುಟ್ಟಿಕೊಳ್ಳುವವರೆಗೂ ರೋಗಿಗೆ ನೋವಿರುವುದಿಲ್ಲ, ಅಕ್ಷರಗಳೂ ಸ್ಪಷ್ಟವಾಗಿಯೇ ಕಾಣುತ್ತಿರಬಹುದು.

ಇಂಥ ಕಾಯಿಲೆಗಳ ಅಧ್ಯಯನದಲ್ಲಿ ನೀನು ತುಂಬುವ ಫಾರಂನಲ್ಲಿ ‘ಇಲ್ಲ’ ಎಂಬ ಪದಕ್ಕೆ ಬಹಳ ತೂಕವಿದೆ. ‘ಇಲ್ಲ’ ಎನ್ನುವುದು ಬೇರೆ, ‘ನೋಡಿಲ್ಲ’ ಎನ್ನುವುದು ಬೇರೆ, ‘ನೋಡಲಾಗಲಿಲ್ಲ’ ಎನ್ನುವುದು ಇನ್ನೂ ಬೇರೆ. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಧ್ಯಯನವೊಂದರ ಫಾರಂ ತುಂಬುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಒಬ್ಬ ಹೆಂಗಸಿನ ಪಾಪೆ ಹಿಗ್ಗಿಸಿ ನೋಡಿದೆ. ಬಲಗಣ್ಣು ಸರಿಯಾಗಿ ಕಂಡಿತು. ಎಡಗಣ್ಣಿನೊಳಗೆ ರಕ್ತ ಹರಡಿ, ಕೆಂಪು ಮಂಜಿನ ಹಿಂದೆ ದೃಷ್ಟಿನರದ ಅಂಚು ಮಾತ್ರ ಮಸುಕಾಗಿ ತೋರುತ್ತಿತ್ತು. ‘ಹೊಸ ರಕ್ತನಾಳಗಳು’ ಎಂಬ ಸಾಲಿನೆದುರು, ನನಗೆ ಕಾಣಲಿಲ್ಲವಲ್ಲ ಎಂದುಕೊಂಡು, ಎರಡೂ ಕಣ್ಣಿಗೆ ‘ಇಲ್ಲ’ ಎಂದು ಗುರುತು ಹಾಕಿದೆ. ರಕ್ತ ತಿಳಿಯಾದ ಮೇಲೆ ಮತ್ತೆ ನೋಡಿದಾಗ ಆ ನಾಳಗಳು ಬೀಸಣಿಗೆಯಂತೆ ಹರಡಿಕೊಂಡಿದ್ದವು. ಕಣ್ಣೊಳಗೆ ರಕ್ತ ಸೋರಿದ್ದೇ ಅವುಗಳಿಂದ. ಚಿಕಿತ್ಸೆ ತಪ್ಪಲಿಲ್ಲ, ಏಕೆಂದರೆ ಹಿರಿಯ ವೈದ್ಯರು ನನ್ನ ಫಾರಂ ನೋಡಿ ಚಿಕಿತ್ಸೆ ಕೊಡುತ್ತಿರಲಿಲ್ಲ, ರೋಗಿಯನ್ನು ನೋಡಿ ಕೊಡುತ್ತಿದ್ದರು. ಆದರೆ ಫಾರಂ ಓದಿ ಅಧ್ಯಯನದ ಅಂಕಿಅಂಶ ವಿಶ್ಲೇಷಿಸುವ ಲೆಕ್ಕತಜ್ಞರ ಮುಂದೆ ರೋಗಿ ಇರುವುದಿಲ್ಲ ಮಗು, ನೀನು ಹಾಕಿದ ಗುರುತು ಮಾತ್ರ ಇರುತ್ತದೆ.

ಸರಿಯಾಗಿ ಹುಡುಕಿ ಬರೆದ ‘ಇಲ್ಲ’ಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ 1977ರಲ್ಲಿ ಅಮೆರಿಕದ ವೈದ್ಯ ವಾಲ್ಟರ್ ಹ್ಯೂಸ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು ಓದು. ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದ ನ್ಯುಮೋನಿಯಾ ಕ್ಯಾನ್ಸರ್ ಪೀಡಿತ ಮಕ್ಕಳ ಜೀವ ತೆಗೆಯುತ್ತಿದ್ದ ಕಾಲವದು. ಕೋಟ್ರೈಮಾಕ್ಸಜೋಲ್ ಔಷಧಿಯನ್ನು 80 ರೋಗಿಗಳಿಗೆ, ಔಷಧವಿಲ್ಲದ ಪ್ಲಾಸಿಬೊವನ್ನು 80 ರೋಗಿಗಳಿಗೆ ಕೊಟ್ಟರು. ಯಾರಿಗೆ ಯಾವುದು ಸಿಕ್ಕಿದೆಯೆಂಬುದನ್ನು ರೋಗಿಗಳಿಂದಲೂ ವೈದ್ಯರಿಂದಲೂ ಮರೆಮಾಡಿದ್ದರು. ಪ್ಲಾಸಿಬೊ ಪಡೆದವರಲ್ಲಿ 17 ಮಂದಿಗೆ ಆ ನ್ಯುಮೋನಿಯಾ ಬಂತು, ಔಷಧಿ ಪಡೆದವರಲ್ಲಿ ಒಬ್ಬರಿಗೂ ಬರಲಿಲ್ಲ. ಔಷಧಿ ಪಡೆದ ಮಕ್ಕಳು ಕೆಮ್ಮಿದಾಗ ‘ಇವರಿಗೆ ಬರಲಾರದು’ ಎಂದು ಹುಡುಕಾಟ ಸಡಿಲಿಸಿದ್ದರೆ ಆ ಸೊನ್ನೆಯನ್ನು ಯಾರೂ ನಂಬುತ್ತಿರಲಿಲ್ಲ. ಎರಡೂ ಗುಂಪನ್ನು ಒಂದೇ ಕಣ್ಣಿನಿಂದ ನೋಡಿದ್ದರಿಂದಲೇ ಆ ಸೊನ್ನೆಗೆ ಬೆಲೆ ಬಂತು, ಇಂದಿಗೂ ಅಂಥ ಮಕ್ಕಳಿಗೆ ಆ ಔಷಧಿ ಕೊಡುತ್ತಿದ್ದೇವೆ.

ಎಷ್ಟು ಕಾಲ ನೋಡಿದೆವು ಎಂಬುದೂ ಅಷ್ಟೇ ಮುಖ್ಯ. 1983ರಿಂದ 1993ರವರೆಗೆ, ಮೊದಲನೆಯ ಬಗೆಯ (ಟೈಪ್ 1) ಮಧುಮೇಹವಿದ್ದ 1,441 ಜನರಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಏನಾಗುತ್ತದೆ ಎಂದು ಅಮೆರಿಕ ಮತ್ತು ಕೆನಡಾದಲ್ಲಿ ಪರೀಕ್ಷಿಸಿದರು. ರೆಟಿನಾ ಕೆಡದೆ ಇದ್ದವರಲ್ಲಿ ಅದು ಕೆಡುವ ಅಪಾಯ ಬಿಗಿ ಹತೋಟಿಯಿಂದ 76 ಪ್ರತಿಶತ ತಗ್ಗಿತು. ಇಷ್ಟು ಎಲ್ಲರಿಗೂ ಗೊತ್ತು. ಕಣ್ಣು ಮೊದಲೇ ಸ್ವಲ್ಪ ಕೆಟ್ಟಿದ್ದ ಕೆಲವರಲ್ಲಿ ಮೊದಲ ವರ್ಷ ಬಿಗಿ ಹತೋಟಿಯಿಂದಲೇ ಅದು ಇನ್ನಷ್ಟು ಕೆಟ್ಟಿತು ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ಒಂದೇ ವರ್ಷ ನೋಡಿ ಕೈಬಿಟ್ಟಿದ್ದರೆ ಆ ಗುಂಪಿನ ಬಗ್ಗೆ ತೀರ್ಮಾನ ತಲೆಕೆಳಗಾಗುತ್ತಿತ್ತು.

ಎಣಿಕೆಯ ವಿಷಯ ಒಂದಿದೆ, ಚಿಕ್ಕದು, ಆದರೆ ಹಿರಿಯರೂ ಎಡವುವಂಥದ್ದು. ಒಬ್ಬ ರೋಗಿಯ ಎರಡು ಕಣ್ಣುಗಳು ಇಬ್ಬರು ರೋಗಿಗಳಲ್ಲ. ಒಂದೇ ಮಗುವಿಗೆ ಆರು ತಿಂಗಳಲ್ಲಿ ನಾಲ್ಕು ಸಲ ಜ್ವರ ಬಂದರೆ ಅದು ನಾಲ್ಕು ಮಕ್ಕಳ ಲೆಕ್ಕವಲ್ಲ. ಲೆಕ್ಕತಜ್ಞರ ಬಳಿಗೆ ಅಧ್ಯಯನ ಮುಗಿದ ಮೇಲೆ ಹೋಗಬೇಡ, ಶುರುವಾಗುವ ಮುನ್ನವೇ ಹೋಗು.

ಮಕ್ಕಳ ಅಧ್ಯಯನವನ್ನು ಆರಿಸಿಕೊಂಡರೆ ಇದೊಂದನ್ನು ನೆನಪಿಡು: 10 ಕಿಲೋ ತೂಕದ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 800 ಮಿಲಿಲೀಟರ್ ಮಾತ್ರ. ಚಿಕಿತ್ಸೆಗೆಂದು ರಕ್ತ ತೆಗೆಯುವ ಹೊತ್ತಿನಲ್ಲೇ ನಿನ್ನ ಹನಿಗಳನ್ನೂ ಪಡೆದುಕೋ, ಸಂಶೋಧನೆಗೆಂದೇ ಮತ್ತೊಮ್ಮೆ ಸೂಜಿ ಚುಚ್ಚಬೇಡ. ತಂದೆತಾಯಿ ಸಹಿ ಹಾಕಿದರೆ ಆಯಿತೆಂದುಕೊಳ್ಳದೆ, ತಿಳಿಯುವ ವಯಸ್ಸಿನ ಮಗುವಿಗೆ ಅದರ ಮಾತಿನಲ್ಲೇ ಹೇಳಿ ಒಪ್ಪಿಗೆ ಕೇಳು. ಅದು ಬೇಡವೆಂದರೆ ಬೇಡ.

ಕೊನೆಗೆ, ಹೇಳದಿದ್ದರೆ ನನಗೆ ಸಮಾಧಾನವಿಲ್ಲದ ಮಾತು, ಮರಳಿ ಬಾರದವರದ್ದು. ಕಣ್ಣು ಮಂಜಾದವರಿಗೆ ಕೈಹಿಡಿದು ಕರೆತರುವವರು ಬೇಕು. ಅವರು ಸಿಗದಿದ್ದಾಗ ಆ ರೋಗಿ ಬರುವುದನ್ನೇ ನಿಲ್ಲಿಸುತ್ತಾನೆ, ನಿನ್ನ ಪಟ್ಟಿಯಲ್ಲಿ ಕಣ್ಣು ಚೆನ್ನಾಗಿರುವವರಷ್ಟೇ ಉಳಿದು ಚಿಕಿತ್ಸೆ ಗೆದ್ದಂತೆ ತೋರುತ್ತದೆ. ಸೋಂಕು ಉಲ್ಬಣಿಸಿದ ಮಗು ಬೇರೆಲ್ಲೋ ದಾಖಲಾಗಿರುತ್ತದೆ, ಅಥವಾ ಮನೆಯಲ್ಲೇ ತೀರಿಕೊಂಡಿರುತ್ತದೆ. ಫೋನ್ ಮಾಡು, ಒಮ್ಮೆ ಎತ್ತದಿದ್ದರೆ ಮತ್ತೆ ಮಾಡು. ಬರುವುದಿಲ್ಲವೆಂದವರನ್ನು ಬಲವಂತ ಮಾಡಬೇಡ, ಆದರೆ ಹೇಗಿದ್ದಾರೆಂದು ವಿಚಾರಿಸದೆ ಬಿಡಬೇಡ.

ಮೂರು ತಿಂಗಳ ನಂತರ ನನಗೆ ಬರೆಯುವಾಗ ಎಷ್ಟು ಜನ ಸೇರಿದರೆಂದು ಮಾತ್ರ ಬರೆದು ನಿಲ್ಲಿಸಬೇಡ. ಎಷ್ಟು ಜನ ಮರಳಿ ಬರಲಿಲ್ಲ, ಅವರಲ್ಲಿ ಎಷ್ಟು ಜನರೊಂದಿಗೆ ನೀನೇ ಮಾತನಾಡಿದೆ, ಅವರೇನೆಂದರು, ಅದನ್ನು ಬರೆ. ಕಾಯುತ್ತಿರುತ್ತೇನೆ.

ಇಂತು ನಿನ್ನ ಶ್ರೇಯಸ್ಸನ್ನು ಬಯಸುವ,
ಸೋದರತ್ತೆ