ಸಣ್ಣ ಸೈಜಿನ ಬಿಡಿ ಕಲ್ಲು ಇನ್ನು ಮುಂದೆ ಯಾಕೆ ಕೊಡುವುದಿಲ್ಲ

ನಮ್ಮ ಎಲ್ಲ ಗ್ರಾಹಕರಿಗೆ ಪೀಣ್ಯದಿಂದ ಅಪ್ಪ-ಮಗಳ ನಮಸ್ಕಾರ. ಹೊಸಬರಿಗೆ ಒಂದು ಮಾತು: ಹೋನಿಂಗ್ ಅಂದರೆ ತೂತಿನ ಒಳಮೈಯನ್ನು ಕಲ್ಲಿನಿಂದ ಉಜ್ಜಿ ಅಳತೆಗೆ ತರುವ ಕೆಲಸ. ಆ ಕಲ್ಲನ್ನು ಹಿಡಿದಿರುವ ಸರಳೇ ಮ್ಯಾಂಡ್ರೆಲ್, ಕಲ್ಲನ್ನು ಹೊರಗೆ ತಳ್ಳುವ ಬೆಣೆಯೇ ವೆಡ್ಜ್.

ವಿಷಯ ಮೊದಲು ಹೇಳಿಬಿಡುತ್ತೇವೆ. ಬರುವ ತಿಂಗಳ 1ನೇ ತಾರೀಖಿನಿಂದ 3 ಎಂಎಂನಿಂದ 6 ಎಂಎಂವರೆಗಿನ ಹೋನಿಂಗ್ ಮ್ಯಾಂಡ್ರೆಲ್‌ಗಳಿಗೆ ಬಿಡಿ ಕಲ್ಲು ಮಾರುವುದನ್ನು ನಿಲ್ಲಿಸುತ್ತಿದ್ದೇವೆ. ಈ ಸೈಜುಗಳಲ್ಲಿ ಮ್ಯಾಂಡ್ರೆಲ್, ವೆಡ್ಜ್, ಕಲ್ಲು ಮೂರನ್ನೂ ನಾವೇ ಜೋಡಿಸಿ, ಒಟ್ಟಿಗೆ ಉಜ್ಜಿ, ಅಳತೆ ನೋಡಿ ಕೊಡುವ ಸೆಟ್ ಮಾತ್ರ ಸಿಗುತ್ತದೆ. ಕಲ್ಲು ಮುಗಿದ ಮೇಲೆ ಸೆಟ್ಟನ್ನೇ ವಾಪಸ್ ಕಳಿಸಿ, ಹೊಸ ಕಲ್ಲು ಕೂರಿಸಿ ಕೊಡುತ್ತೇವೆ. ಸೆಟ್ಟಿನ ಬೆಲೆ 1,850 ರೂಪಾಯಿ ಇದ್ದದ್ದು 2,150 ಆಗುತ್ತದೆ. ಜಿಎಸ್‌ಟಿ ಬೇರೆ. 6 ಎಂಎಂ ಮೇಲಿನ ಸೈಜುಗಳಲ್ಲಿ ಏನೂ ಬದಲಾಗಿಲ್ಲ. ಬೆಲೆ ಅದೇ, ಬಿಡಿ ಕಲ್ಲೂ ಮೊದಲಿನಂತೆ ಸಿಗುತ್ತದೆ.

ಇಷ್ಟು ಓದಿದ ತಕ್ಷಣ ಅರ್ಧ ಜನ ಫೋನ್ ತೆಗೆದುಕೊಳ್ಳುತ್ತೀರಿ ಅಂತ ಗೊತ್ತು. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಇದನ್ನು ಪೂರ್ತಿ ಓದಿ ಆಮೇಲೆ ಮಾಡಿ.

ಮೊದಲು ದುಡ್ಡಿನ ಮಾತು. "ಸ್ಟೀಲ್ ರೇಟ್ ಇಳಿದಿದೆಯಲ್ಲ ಮೇಡಂ, ನೀವ್ಯಾಕೆ ಏರಿಸ್ತೀರಿ?" ಈ ಮಾತು ಕೇಳಿ ಕೇಳಿ ಸಾಕಾಗಿದೆ. ಒಂದು 4 ಎಂಎಂ ಮ್ಯಾಂಡ್ರೆಲ್ಲನ್ನು ತಕ್ಕಡಿಗೆ ಹಾಕಿ ನೋಡಿ. ಹಿಡಿಯುವ ಶ್ಯಾಂಕ್ ಸೇರಿದರೂ 50 ಗ್ರಾಂ ಆಸುಪಾಸು. ಅಷ್ಟು ಇಎನ್ 31 ಸ್ಟೀಲಿನ ದುಡ್ಡಿಗೆ ದರ್ಶಿನಿಯಲ್ಲಿ ಒಂದು ಕಾಫಿ ಕೂಡ ಬರುವುದಿಲ್ಲ. ಸ್ಟೀಲ್ ಏರಿದರೂ ಇಳಿದರೂ ನಮ್ಮ ಬೆಲೆಗೆ ಅದು ಲೆಕ್ಕಕ್ಕೇ ಇಲ್ಲ.

ದುಡ್ಡು ಹೋಗುವುದು ಬೇರೆ ಕಡೆ. ಪೆನ್ಸಿಲ್‌ಗಿಂತ ಸಣ್ಣ ಸರಳನ್ನು ಹಾರ್ಡನಿಂಗ್‌ಗೆ, ಅಂದರೆ ಕಾಯಿಸಿ ಗಟ್ಟಿ ಮಾಡುವುದಕ್ಕೆ, ಕಳಿಸಿದರೆ ವಾಪಸ್ ಬರುವಾಗ ಒಂದಿಷ್ಟು ಬಾಗಿಯೇ ಬರುತ್ತದೆ. ಅದನ್ನು ನೆಟ್ಟಗೆ ಮಾಡಿ ಗ್ರೈಂಡಿಂಗ್ ಮಾಡುತ್ತೇವೆ. ಆಮೇಲೆ ಕಲ್ಲು ಕೂರುವುದಕ್ಕೆ ಉದ್ದಕ್ಕೂ ಸ್ಲಾಟ್ ಸೀಳಬೇಕು. ಅದು ವೈರ್‌ಕಟ್ (ತಂತಿಯ ಕಿಡಿಯಿಂದ ಕತ್ತರಿಸುವ) ಕೆಲಸ, ಗಂಟೆ ಲೆಕ್ಕ. ಸ್ಲಾಟ್ ಸೀಳಿದ ಕೂಡಲೇ ಸ್ಟೀಲಿನ ಒಳಗೆ ಹಿಡಿದಿಟ್ಟಿದ್ದ ಬಿಗುವು ಬಿಟ್ಟುಕೊಂಡು ಸರಳು ಮತ್ತೆ ಬಾಗುತ್ತದೆ. ಮತ್ತೆ ಗ್ರೈಂಡಿಂಗ್. 3 ಎಂಎಂ ಸೈಜಿನಲ್ಲಿ ಹತ್ತು ಪೀಸ್ ಶುರು ಮಾಡಿದರೆ ಏಳು ಕೈಗೆ ಸಿಕ್ಕಿದರೆ ಆ ದಿನ ಒಳ್ಳೆಯ ದಿನ. ಉಳಿದ ಮೂರಕ್ಕೂ ಹಾರ್ಡನಿಂಗ್‌ನವರಿಗೆ ಕೊಟ್ಟಾಗಿದೆ, ವೈರ್‌ಕಟ್‌ನವರಿಗೂ ಕೊಟ್ಟಾಗಿದೆ. ಅವರೇನು "ಪಾಪ, ಬಾಗಿಹೋಯ್ತು" ಅಂತ ದುಡ್ಡು ಬಿಡುತ್ತಾರಾ?

ಇನ್ನೊಂದು ಹೇಳಲೇಬೇಕು. ಬಿಲ್ ಹಾಕಿದ ಮುಂದಿನ ತಿಂಗಳು ನಾವು ಜಿಎಸ್‌ಟಿ ಕಟ್ಟಬೇಕು, ನಿಮ್ಮಿಂದ ದುಡ್ಡು ಬಂದಿರಲಿ ಬಿಡಲಿ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಕಾಯ್ದೆಯಲ್ಲೇ ಇದೆ. ಆದರೂ ಕೆಲವು ದೊಡ್ಡ ಕಂಪನಿಗಳು 90 ದಿನ, 120 ದಿನ ಮಾಡುತ್ತವೆ. ಕೇಳಿದರೆ "ಸಿಸ್ಟಮ್‌ನಲ್ಲಿದೆ ಮೇಡಂ" ಅನ್ನುತ್ತಾರೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಮುಕ್ಕಾಲು ಪಾಲು ಜನ ಒಂದೆರಡು ಮೆಷಿನ್ ಇಟ್ಟುಕೊಂಡವರು, ಸಾಮಾನು ಕೈಗೆ ಬರುವ ಮೊದಲೇ ಫೋನಿನಲ್ಲಿ ದುಡ್ಡು ಹಾಕುವವರು. ನಿಮಗೆ ಈ ಮಾತು ಅಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಈಗ ಅಸಲಿ ದೂರಿಗೆ ಬರೋಣ.

"ನಿಮ್ಮ ಕಲ್ಲು ಮೊದಲಿನಂಗಿಲ್ಲ, ಬೇಗ ಸವೆಯುತ್ತೆ." ಈ ಎರಡು ವರ್ಷದಲ್ಲಿ ಇದನ್ನು ಎಷ್ಟು ಬಾಯಿಂದ ಕೇಳಿದ್ದೇವೋ. ಬೆಳಗಾವಿಯ ಉದ್ಯಮಬಾಗ್‌ನಿಂದ ಬಂದ ಹಳೆಯ ಗ್ರಾಹಕರೊಬ್ಬರು ಕಳೆದ ತಿಂಗಳು ಟೇಬಲ್ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿದರು. ಸವೆದ ಕಲ್ಲುಗಳು, ಸುಮಾರು ಇಪ್ಪತ್ತು. "ಬಾಳಿಕಿನ ಬರವಲ್ದು ನೋಡ್ರಿ ಮೇಡಂ, ಏನ್ ಮಾಡೂಣು?" ಅಂದರು. ನಮ್ಮಪ್ಪ ಕನ್ನಡಕ ಏರಿಸಿ, ಲೆನ್ಸ್ ಹಿಡಿದು ಒಂದೊಂದನ್ನೇ ನೋಡುತ್ತಾ ಹೋದರು. ಅರ್ಧ ಗಂಟೆ ಆಯಿತು. ಕೊನೆಗೆ ಕಲ್ಲುಗಳು ಮೂರು ಗುಂಪಾದವು.

ಮೊದಲ ಗುಂಪಿನ ಕಲ್ಲುಗಳ ನಡುಭಾಗ ಮಾತ್ರ ಸವೆದಿತ್ತು, ಎರಡೂ ತುದಿ ಹೊಸದರ ಹಾಗೇ ಇತ್ತು. ಮನೆಯಲ್ಲಿ ಗಂಧ ತೇಯುವ ಸಾಣೆಕಲ್ಲು ನೋಡಿದ್ದೀರಲ್ಲ, ನಡುವೆ ಗುಳಿ ಬಿದ್ದಿರುತ್ತದೆ, ಥೇಟ್ ಹಾಗೆ. 25 ಎಂಎಂ ಉದ್ದದ ಕಲ್ಲನ್ನು 8 ಎಂಎಂ ದಪ್ಪದ ಜಾಬ್‌ನಲ್ಲಿ (ತೂತು ಇರುವ ಪೀಸ್‌ನಲ್ಲಿ) ಆಡಿಸಿದರೆ ಹೀಗೇ ಆಗುವುದು. ಗುಳಿ ಬಿದ್ದ ಕಲ್ಲಿನಿಂದ ನೆಟ್ಟನೆಯ ತೂತು ಎಲ್ಲಿಂದ ಬರಬೇಕು? ಗಿಡ್ಡ ಜಾಬ್‌ಗೆ ಗಿಡ್ಡ ಕಲ್ಲು ಕೇಳಿ, ಕತ್ತರಿಸಿ ಕೊಡುತ್ತೇವೆ. ಸ್ಟ್ರೋಕ್, ಅಂದರೆ ಹಿಂದೆ ಮುಂದೆ ಆಡಿಸುವ ಉದ್ದ, ಅದರ ವಿಷಯವೂ ಇದೇ. ಕಲ್ಲು ತೂತಿನ ಎರಡೂ ಕಡೆಯಿಂದ ತನ್ನ ಉದ್ದದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಆಚೆ ಬರಬೇಕು. ಜಾಸ್ತಿ ಬಂದರೆ ತೂತಿನ ಬಾಯಿ ಅಗಲವಾಗುತ್ತದೆ. ಕಡಿಮೆ ಬಂದರೆ ಬಾಯಿ ಬಿಗಿ, ಹೊಟ್ಟೆ ದೊಡ್ಡದು.

ಎರಡನೇ ಗುಂಪಿನ ಕಲ್ಲಿನ ಮುಖ ಕಪ್ಪಗೆ ಮೆತ್ತಿಕೊಂಡಿತ್ತು. ಉಗುರಿನಲ್ಲಿ ಕೆರೆದರೆ ಸ್ಟೀಲಿನ ಪುಡಿ ಎದ್ದು ಬಂತು. "ಯಾವ ಆಯಿಲ್ ಹಾಕ್ತೀರಿ?" ಅಂತ ಅಪ್ಪ ಕೇಳಿದರು. ಅವರು ಸ್ವಲ್ಪ ನಕ್ಕು "ಲೇತಿನ ನೀರಽ ಹಾಕತೀವ್ರಿ" ಅಂದರು. ಲೇತಿಗೆ ಹಾಕುವ ಬಿಳಿ ನೀರು ಹೋನಿಂಗ್‌ಗೆ ಆಗುವುದಿಲ್ಲ. ಪುಡಿ ಕಲ್ಲಿನ ಸಂದಿಯಲ್ಲೇ ಕೂತುಬಿಡುತ್ತದೆ, ಕಲ್ಲು ಕತ್ತರಿಸುವುದು ಬಿಟ್ಟು ಉಜ್ಜುವುದಕ್ಕೆ ಶುರು ಮಾಡುತ್ತದೆ. ಹೋನಿಂಗ್ ಆಯಿಲ್ ದುಬಾರಿ ಅಂತ ನಮಗೂ ಗೊತ್ತು. ಒಂದು ಕ್ಯಾನ್ ತಂದು ಸೋಸಿ ಸೋಸಿ ಬಳಸಿ, ತಿಂಗಳುಗಟ್ಟಲೆ ಬರುತ್ತದೆ.

ಮೂರನೇ ಗುಂಪಿನಲ್ಲಿ ಆರು ಕಲ್ಲು. ಸಮನಾಗಿ, ಕೊನೆಯವರೆಗೆ, ಚೆನ್ನಾಗಿ ಸವೆದವು. ಅಪ್ಪ ಅವನ್ನು ಅಂಗೈ ಮೇಲೆ ಇಟ್ಟುಕೊಂಡು "ಇವು ಕೆಲಸ ಮಾಡಿ ಸತ್ತಿವೆ" ಅಂದರು.

ಕಲ್ಲು ಸವೆಯಲೇಬೇಕು ಸ್ವಾಮಿ. ಕಲ್ಲು ಅಂದರೆ ಸಾವಿರಾರು ಚೂಪು ಹರಳು, ಅವನ್ನು ಹಿಡಿದಿಟ್ಟ ಒಂದು ಅಂಟು. ಹರಳು ಮೊಂಡಾದಾಗ ಅಂಟು ಅದನ್ನು ಬಿಟ್ಟುಕೊಡಬೇಕು, ಕೆಳಗಿನ ಹೊಸ ಹರಳು ಮೇಲೆ ಬರಬೇಕು. ಅಂಟನ್ನು ಗಟ್ಟಿ ಮಾಡಿದರೆ ಕಲ್ಲು ಬಾಳಿಕೆ ಬರುತ್ತದೆ, ಸುಳ್ಳಲ್ಲ. ಆದರೆ ಮೊಂಡು ಹರಳು ಅಲ್ಲೇ ಕೂತಿರುತ್ತದೆ. ಕಲ್ಲಿನ ಮುಖ ಗಾಜಿನಂತೆ ಹೊಳೆಯುತ್ತದೆ, ಜಾಬ್ ಬಿಸಿಯಾಗುತ್ತದೆ, ತೂತು ಒಂದು ಮೈಕ್ರಾನ್ (ಎಂಎಂನ ಸಾವಿರದಲ್ಲೊಂದು ಭಾಗ) ಕೂಡ ದೊಡ್ಡದಾಗುವುದಿಲ್ಲ. ಆಗ ಏನು ಮಾಡುತ್ತೀರಿ? ವೆಡ್ಜ್ ಇನ್ನಷ್ಟು ಎಳೆದು ಪ್ರೆಶರ್ ಏರಿಸುತ್ತೀರಿ. 4 ಎಂಎಂ ಮ್ಯಾಂಡ್ರೆಲ್ ಪಾಪ ಎಷ್ಟು ತಡೆದೀತು? ಬಾಗುತ್ತದೆ, ತೂತಿಗೆ ಟೇಪರ್ ಬರುತ್ತದೆ, ಒಂದು ಬದಿ ಅಗಲ, ಒಂದು ಬದಿ ಕಿರಿದು. ಅದೂ ಬರುವುದು ನಮ್ಮ ಹೆಸರಿಗೇ.

ಅದಕ್ಕೇ ಗಟ್ಟಿ ಜಾಬ್‌ಗೆ ಮೆತ್ತನೆ ಕಲ್ಲು, ಮೆತ್ತನೆ ಜಾಬ್‌ಗೆ ಗಟ್ಟಿ ಕಲ್ಲು ಅಂತ ಅಪ್ಪ ಗೋಡೆ ಮೇಲೆ ಬರೆಸಿರುವುದು. ಸ್ಟೀಲಿಗೆ ಬಿಳಿ ಕಲ್ಲು. ಬೀಡು ಕಬ್ಬಿಣ, ಹಿತ್ತಾಳೆ, ಅಲ್ಯೂಮಿನಿಯಂಗೆ ಹಸಿರು ಕಲ್ಲು. ಹಾರ್ಡನ್ ಮಾಡಿದ ಜಾಬ್ ದಿನಾ ನೂರಾರು ಓಡಿಸುವವರು ಸಿಬಿಎನ್ ಅನ್ನುವ ತುಂಬಾ ಗಟ್ಟಿ ಹರಳಿನ ಕಲ್ಲು ತೆಗೆದುಕೊಳ್ಳಿ, ಬೆಲೆ ಜಾಸ್ತಿ ಆದರೂ ಗಿಟ್ಟುತ್ತದೆ. ದಿನಕ್ಕೆ ಹತ್ತು ಪೀಸ್ ಮಾಡುವವರಿಗೆ ಅದು ಬೇಡ, ನಾವೇ ಬೇಡ ಅನ್ನುತ್ತೇವೆ.

ಇನ್ನೊಂದು ಸಣ್ಣ ಮಾತು. ರೀಮರ್ (ಡ್ರಿಲ್ ಮಾಡಿದ ತೂತನ್ನು ಸ್ವಲ್ಪ ಹಿಗ್ಗಿಸುವ ಟೂಲ್) ಬಿಟ್ಟ ಮೇಲೆ ಹೋನಿಂಗ್‌ಗೆ 30ರಿಂದ 50 ಮೈಕ್ರಾನ್ ಉಳಿಸಿ, ಸಾಕು. 200 ಮೈಕ್ರಾನ್ ಉಳಿಸಿ "ಕಲ್ಲು ತಿಂದುಹೋಯ್ತು" ಅಂದರೆ ಹೇಗೆ? ಡ್ರಿಲ್ ಓರೆ ಹೋಗಿದ್ದರೆ ಹೋನಿಂಗ್ ಅದನ್ನು ನೆಟ್ಟಗೆ ಮಾಡುವುದೂ ಇಲ್ಲ. ಮ್ಯಾಂಡ್ರೆಲ್ ಇರುವ ತೂತಿನ ದಾರಿಯಲ್ಲೇ ಹೋಗುತ್ತದೆ. ಗುಂಡಗೆ ಮಾಡುತ್ತದೆ, ನುಣ್ಣಗೆ ಮಾಡುತ್ತದೆ, ಅಳತೆಗೆ ತರುತ್ತದೆ. ಜಾಗ ಬದಲಾಯಿಸುವುದಿಲ್ಲ.

ಹಾಗಾದರೆ ಬಿಡಿ ಕಲ್ಲು ಯಾಕೆ ನಿಲ್ಲಿಸಿದಿರಿ ಅಂತ ಕೇಳುತ್ತೀರಿ. ದೊಡ್ಡ ಸೈಜಿನಲ್ಲಿ ಕಲ್ಲಿನ ಎದುರು ಬದಿಯ ಶೂಗಳನ್ನು (ತೂತಿನ ಗೋಡೆಗೆ ಆತುಕೊಳ್ಳುವ ತುಂಡುಗಳನ್ನು) ಬಿಚ್ಚಿ ಬದಲಾಯಿಸಬಹುದು. 6 ಎಂಎಂ ಒಳಗೆ ಅದಕ್ಕೆ ಜಾಗವೇ ಇಲ್ಲ. ಮ್ಯಾಂಡ್ರೆಲ್ಲಿನ ಮೈಯೇ ಶೂ. ಒಂದು ಗೆರೆಯಲ್ಲಿ ಕಲ್ಲು ಕತ್ತರಿಸುತ್ತದೆ, ಎದುರಿನ ಎರಡು ಗೆರೆಯಲ್ಲಿ ಆ ಮೈ ಆತುಕೊಂಡು ನಿಲ್ಲುತ್ತದೆ. ಕಲ್ಲು ಸವೆದ ಹಾಗೆ ಆ ಎರಡು ಗೆರೆಯೂ ಸವೆಯುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಸವೆದ ಮೈಗೆ ಹೊಸ ಕಲ್ಲು ಹಾಕಿದರೆ ಕಲ್ಲು ಪೂರ್ತಿ ಮುಖ ಕೊಡುವುದಿಲ್ಲ, ಒಂದು ಅಂಚಿನಲ್ಲಿ ಮಾತ್ರ ಕಚ್ಚುತ್ತದೆ. 5 ಎಂಎಂ ತೂತಿಗೆ ಎಚ್7 (ಅಳತೆ ಎಷ್ಟು ಹೆಚ್ಚಾಗಬಹುದು ಅನ್ನುವ ದರ್ಜೆ) ಅಂದರೆ ಒಟ್ಟು ಇರುವ ಜಾಗವೇ 12 ಮೈಕ್ರಾನ್. ಅದರಲ್ಲಿ ಅರ್ಧ ಇಲ್ಲೇ ಹೋಗುತ್ತದೆ. ಟ್ರೂಯಿಂಗ್ ಸ್ಲೀವ್ ಅನ್ನುವ ಕೊಳವೆಯಲ್ಲಿ ಹತ್ತು ನಿಮಿಷ ಆಡಿಸಿ ಕಲ್ಲು, ಮೈ ಎರಡನ್ನೂ ಒಂದೇ ಸುತ್ತಿಗೆ ತರಬೇಕು ಅಂತ ಪ್ರತಿ ಪ್ಯಾಕೆಟ್ ಮೇಲೂ ಬರೆದಿದ್ದೇವೆ. ಯಾರು ಮಾಡುತ್ತಾರೆ? ಸೂಪರ್‌ವೈಸರ್ ತಲೆ ಮೇಲೆ ನಿಂತಿರುತ್ತಾನೆ, ಹುಡುಗ ಕಲ್ಲು ಸಿಕ್ಕಿಸಿ ಜಾಬ್ ಹಾಕುತ್ತಾನೆ. ಮೊದಲ ಇಪ್ಪತ್ತು ಪೀಸ್ ರಿಜೆಕ್ಟ್. ಆ ಹುಡುಗನನ್ನೂ ಬೈಯುವ ಹಾಗಿಲ್ಲ. ಅದಕ್ಕೆ ಆ ಹತ್ತು ನಿಮಿಷದ ಕೆಲಸ ನಾವೇ ಮಾಡಿ ಕಳಿಸೋಣ ಅಂತ ತೀರ್ಮಾನಿಸಿದೆವು. ಏರಿದ ಮುನ್ನೂರು ರೂಪಾಯಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಕೆಲಸದ ಕೂಲಿ.

ಇಷ್ಟೆಲ್ಲ ನಿಮ್ಮ ಮೇಲೆ ಹಾಕಿ ನಾವು ಪಾರಾಗುವ ಹಾಗಿಲ್ಲ. ಕಳೆದ ಮಳೆಗಾಲದ 5 ಎಂಎಂ ಲಾಟ್ ನಮ್ಮದೇ ತಪ್ಪು. ಕಲ್ಲನ್ನು ಅದರ ಸ್ಟೀಲ್ ಹೋಲ್ಡರ್‌ಗೆ ಅಂಟಿಸಿದ ಮೇಲೆ ಪೂರ್ತಿ ಒಂದು ದಿನ ಬಿಡಬೇಕಿತ್ತು. ಡೆಲಿವರಿ ಅರ್ಜೆಂಟ್ ಅಂತ ಸಂಜೆ ಅಂಟಿಸಿದ್ದನ್ನು ಬೆಳಿಗ್ಗೆ ಪ್ಯಾಕ್ ಮಾಡಿದೆವು. ಹೊರಗೆ ಜಿಟಿಜಿಟಿ ಮಳೆ, ಅಂಟು ಒಣಗಿರಲಿಲ್ಲ. ಕೆಲವರ ಬಳಿ ಕಲ್ಲು ತೂತಿನ ಒಳಗೇ ಕಿತ್ತುಬಂತು. ಹುಬ್ಬಳ್ಳಿಯ ಒಬ್ಬರಿಗೆ ನಲವತ್ತು ವಾಲ್ವ್ ಸ್ಲೀವ್ ಗೀರು ಬಿದ್ದು ಹಾಳಾದವು. ಅವರು ಫೋನಿನಲ್ಲಿ ಒಂದು ಮಾತೂ ಜೋರಾಗಿ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅವರ ಜಾಬ್‌ನ ದುಡ್ಡು ಕಟ್ಟಿಕೊಟ್ಟಿದ್ದೇವೆ, ಆದರೆ ಅವರ ಪಾರ್ಟಿ ಮುಂದೆ ಹೋದ ಅವರ ಮರ್ಯಾದೆ ನಾವು ಕಟ್ಟಿಕೊಡಲು ಆಗುವುದಿಲ್ಲ. ಅವರಿಗೂ, ಆ ಲಾಟ್ ತೆಗೆದುಕೊಂಡ ಎಲ್ಲರಿಗೂ ಕ್ಷಮೆ ಕೇಳುತ್ತೇವೆ. ಈಗ ಅಂಟಿಸಿದ ಕಲ್ಲನ್ನು ಓವನ್‌ನಲ್ಲಿ ಇಟ್ಟು, ಮಾರನೇ ದಿನ ಒಂದೊಂದನ್ನೂ ಎಳೆದು ನೋಡಿ ಆಮೇಲೆ ಪ್ಯಾಕ್ ಮಾಡುತ್ತೇವೆ. ಅರ್ಜೆಂಟ್ ಅಂದರೆ ಅರ್ಜೆಂಟ್ ಇಲ್ಲ ಅನ್ನುತ್ತೇವೆ. ಆ ಲಾಟಿನ ಕಲ್ಲು ಇನ್ನೂ ಯಾರ ಡ್ರಾಯರ್‌ನಲ್ಲಾದರೂ ಉಳಿದಿದ್ದರೆ ದಯವಿಟ್ಟು ಬಳಸಬೇಡಿ. ಬಿಲ್ ಇಲ್ಲದಿದ್ದರೂ ಪರವಾಗಿಲ್ಲ, ಕಳಿಸಿ, ಬದಲಾಯಿಸಿ ಕೊಡುತ್ತೇವೆ.

"ಹೊರದೇಶದ ಮಾಲು ತರಿಸಿ ನಿಮ್ಮ ಹೆಸರು ಹಾಕಿ ಮಾರಿ, ತಲೆನೋವು ಇರಲ್ಲ" ಅಂತ ಸಲಹೆ ಕೊಟ್ಟವರೂ ಇದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ನಿಮ್ಮದು 4.37 ಎಂಎಂ ತೂತು ಅಂದಾಗ, ಒಳಗಡೆ ಕೀ ವೇ (ಕೀ ಕೂರುವ ಸೀಳು) ಇದೆ ಅಂದಾಗ, ಕೆಳಗೆ ಮುಚ್ಚಿದ ತೂತು ಅಂದಾಗ ಆ ಡಬ್ಬಿ ಏನು ಉತ್ತರ ಕೊಡುತ್ತದೆ? ನಮ್ಮಲ್ಲಿ ಕಲ್ಲು ಕೂರಿಸುವ ಇಬ್ಬರು ಹೆಣ್ಣುಮಕ್ಕಳು ಲೆನ್ಸ್ ಹಾಕಿಕೊಂಡು ಕೂತರೆ ನಿಮ್ಮ ಡ್ರಾಯಿಂಗ್ ನೋಡಿ ಕಲ್ಲನ್ನು ಎಷ್ಟು ಅಗಲ ಇಡಬೇಕು ಅಂತ ಹೇಳಿಬಿಡುತ್ತಾರೆ. ಆ ಕೈ ಬಿಟ್ಟು ಡಬ್ಬಿ ಮಾರುವುದಕ್ಕೆ ಮನಸ್ಸು ಬರಲಿಲ್ಲ.

ಹಳೆಯ ಮ್ಯಾಂಡ್ರೆಲ್ ಇಟ್ಟುಕೊಂಡವರು ಗಾಬರಿ ಆಗಬೇಡಿ. ಎಷ್ಟು ಹಳೆಯದಿದ್ದರೂ ಕಳಿಸಿ. ಮೈ ಸರಿಯಿದ್ದರೆ ಹೊಸ ಕಲ್ಲು ಹಾಕಿ ಟ್ರೂ ಮಾಡಿ ಕೊಡುತ್ತೇವೆ, 450 ರೂಪಾಯಿ. ಮೈ ಹೋಗಿದ್ದರೆ ಹೋಗಿದೆ ಅಂತ ಅಳತೆ ಬರೆದು ತೋರಿಸುತ್ತೇವೆ, ಹೊಸ ಸೆಟ್ ತೆಗೆದುಕೊಂಡರೆ 300 ಬಿಡುತ್ತೇವೆ. ಅಂದರೆ ಹಳೆಯ ಬೆಲೆಗೇ ಆಯಿತು ಅಲ್ವಾ? ಈಗಾಗಲೇ ಬಿಡಿ ಕಲ್ಲಿಗೆ ಆರ್ಡರ್ ಕೊಟ್ಟವರಿಗೆ ಈ ತಿಂಗಳ ಕೊನೆಯವರೆಗೆ ಹಳೆಯ ರೇಟಿನಲ್ಲೇ ಕೊಡುತ್ತೇವೆ. ಸುಮ್ನೆ ಹೆದರಿ ವರ್ಷಕ್ಕಾಗುವಷ್ಟು ಕೊಂಡಿಟ್ಟುಕೊಳ್ಳಬೇಡಿ.

ಕಳಿಸುವಾಗ ಮ್ಯಾಂಡ್ರೆಲ್ ಜೊತೆ ಒಂದು ಹಾಳಾದ ಜಾಬ್ ಕೂಡ ಹಾಕಿ ಕಳಿಸಿ. ಯಾವ ಆಯಿಲ್, ಎಷ್ಟು ಆರ್‌ಪಿಎಂ ಅಂತ ಒಂದು ಚೀಟಿಯಲ್ಲಿ ಬರೆದರೆ ಇನ್ನೂ ಒಳ್ಳೆಯದು. ಪೀಣ್ಯದ ಕಡೆ ಬರುವವರಿದ್ದರೆ ತೂತಿನ ಅಳತೆ ನೋಡುವ ಪ್ಲಗ್ ಗೇಜ್ ಹಿಡಿದುಕೊಂಡು ನೇರವಾಗಿ ಬನ್ನಿ. ಅಪ್ಪ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಬೆಂಚಿನ ಹತ್ತಿರವೇ ಇರುತ್ತಾರೆ. ಊಟ ಆದ ಮೇಲೆ ಅವರು ಯಾರ ಮಾತೂ ಕೇಳುವುದಿಲ್ಲ, ಅದು ನಿಮಗೂ ಗೊತ್ತು.

ಇಂತಿ ನಿಮ್ಮವರು,
ಅಪ್ಪ ಮತ್ತು ಮಗಳು
ಪೀಣ್ಯ 2ನೇ ಹಂತ, ಬೆಂಗಳೂರು